ಎಂಟರ ನಂತರದ ಒಂಬತ್ತು

(ಶಿರಸಿಯಲ್ಲಿ ಶಿಕ್ಷಕರು ಮತ್ತು ಅಡಿಕೆ ಬೆಳೆಗಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ನಾನು ಹವಾಮಾನ ಇಲಾಖೆಯಲ್ಲಿದ್ದವನು ಎಂದು ತಿಳಿದ ಕೂಡಲೇ ನಮ್ಮ ಸೀಮೆಯ ಜನ ಕೇಳುವುದು ಒಂದೇ ಪ್ರಶ್ನೆ: ನಾಳೆ ಹೊಳವಾಗುತ್ತದೆಯೇ, ಮಳೆ ಬಿಡುತ್ತದೆಯೇ? ಇವತ್ತೂ ಅಷ್ಟೇ. ಬಾಗಿಲಲ್ಲಿ ಕೊಡೆ ಮಡಚುವಷ್ಟರಲ್ಲಿ ಮೂವರು ಕೇಳಿದರು. ಅವರಲ್ಲಿ ಒಬ್ಬರ ತೋಟಕ್ಕೆ ಎರಡನೇ ಸಲದ ಕೊಳೆ ಔಷಧಿ ಹೊಡೆಯುವುದು ಬಾಕಿ ಇದೆಯಂತೆ. ಮೈಲುತುತ್ತು, ಸುಣ್ಣ ತಂದಿಟ್ಟು ಎಂಟು ದಿನವಾಗಿದೆ, ಮರ ಹತ್ತುವ ಕೊನೆಗೌಡ ಸಿಗುವುದು ನಾಳೆ ಒಂದೇ ದಿನ. ಅವರ ಸಂಕಟ ನನಗೂ ಗೊತ್ತು. ದೇವಿಮನೆ ಘಟ್ಟದ ತಲೆಯ ಮೇಲೆ ನನ್ನದೂ ಒಂದೂವರೆ ಎಕರೆ ತೋಟವಿದೆ. ಆದರೆ ಉತ್ತರ ನನ್ನ ಬಳಿ ಇಲ್ಲ. ಮುನ್ಸೂಚನೆ ಹೇಳುವವರ ಕೋಣೆ ಬೇರೆ, ನಾನು ಕುಳಿತಿದ್ದ ಕೋಣೆ ಬೇರೆ. ನಾನು ವೀಕ್ಷಕನಾಗಿದ್ದವನು. ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿ, ನೋಡಿ, ಒಳಗೆ ಬಂದು ಬರೆಯುವ ಕೆಲಸ. ನಾಳೆಯ ಬಗ್ಗೆ ಮಾತಾಡಲು ನನಗೆ ಯಾರೂ ಸಂಬಳ ಕೊಡಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಏನಿತ್ತು ಎಂಬುದಷ್ಟೇ ನನ್ನ ಪಾಲಿನದು.

ಮೂವತ್ತಕ್ಕೂ ಹೆಚ್ಚು ವರ್ಷ ಈ ಕೆಲಸ ಮಾಡಿದೆ. ಬಹುಪಾಲು ಕರಾವಳಿಯಲ್ಲೇ ಕಳೆಯಿತು. 1980ರ ದಶಕದಲ್ಲಿ ನಾಲ್ಕು ಮಳೆಗಾಲ ಮಾತ್ರ ಸಹ್ಯಾದ್ರಿಯ ನೆತ್ತಿಯ ಮೇಲಿನ ಒಂದು ಕೇಂದ್ರದಲ್ಲಿದ್ದೆ. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಂದು ಹೇಳುವುದಿದೆ. ತಪ್ಪು ನನ್ನದು, ಊರಿಗೇಕೆ ಕೆಟ್ಟ ಹೆಸರು.

ಬೆಟ್ಟದ ತುದಿಯಲ್ಲಿ ಮಳೆಗಾಲ ಹೇಗಿರುತ್ತದೆ ಎಂದು ಶಾಲೆಯ ಮಕ್ಕಳು ಕೇಳಿದರೆ ನಾನು ಉಪ್ಪಿನಿಂದ ಶುರು ಮಾಡುತ್ತೇನೆ. ಜೂನ್ ಎರಡನೇ ವಾರದ ಹೊತ್ತಿಗೆ ಉಪ್ಪಿನ ಭರಣಿಯಲ್ಲಿ ಉಪ್ಪು ಇರುವುದಿಲ್ಲ, ಉಪ್ಪುನೀರು ಇರುತ್ತದೆ. ಬೆಂಕಿಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲೆ ಬೆಚ್ಚಗೆ ಮಲಗಿಸಬೇಕು. ಚರ್ಮದ ಬೆಲ್ಟಿನ ಮೇಲೆ ವಾರದೊಳಗೆ ಹಸಿರು ಬೂಸ್ಟು. ಒಗೆದ ಅಂಗಿ ಮೂರು ದಿನ ಹಗ್ಗದ ಮೇಲಿದ್ದರೂ ತೊಟ್ಟಾಗ ಯಾರೋ ಆಗಷ್ಟೇ ಬಿಚ್ಚಿಕೊಟ್ಟಂತೆ ತಣ್ಣಗಿರುತ್ತದೆ. ಅಡುಗೆಮನೆಯ ಕಿಟಕಿ ತೆರೆದರೆ ಮೋಡ ನೆಂಟರ ಹಾಗೆ ಒಳಗೆ ಬಂದು ಕುಳಿತುಬಿಡುತ್ತದೆ, ಎದ್ದು ಹೋಗುವ ಲಕ್ಷಣವೇ ಇರುವುದಿಲ್ಲ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಹೆಚ್ಚುಕಡಿಮೆ ಮುನ್ನೂರು ಮೀಟರ್ ಏರಿದರೆ ಒಂದು ಡಿಗ್ರಿ ಮೊದಲೇ. ಬೇಗ ಕುದಿಯಿತು ಎಂದು ಸಂತೋಷಪಡುವ ಹಾಗಿಲ್ಲ. ಅಷ್ಟು ಕಡಿಮೆ ಬಿಸಿಯಲ್ಲಿ ಬೇಳೆ ಬೇಯುವುದಿಲ್ಲ. ಕುಕ್ಕರ್ ಬರುವ ಮೊದಲು ಅಲ್ಲಿದ್ದವರು ತೊಗರಿಬೇಳೆಗೆ ಕೈಮುಗಿದು ಹೆಸರುಬೇಳೆಗೆ ಶರಣಾಗಿದ್ದರಂತೆ.

ಕೇಂದ್ರದಲ್ಲಿ ನಾವು ಮೂವರು. ಹಿರಿಯರು ಅಂಕೋಲೆಯ ಕಡೆಯವರು. ಉತ್ತರ ಕನ್ನಡದ ಇಬ್ಬರು ಪರರಾಜ್ಯದ ಬೆಟ್ಟದ ಮೇಲೆ ಒಂದೇ ಸೂರಿನಡಿ ಸಿಕ್ಕಿಬಿದ್ದದ್ದು ವರ್ಗಾವಣೆಯ ಆಟ. ಅವರು ಊರಿನಿಂದ ಒಣ ಸೀಗಡಿ ತರುತ್ತಿದ್ದರು, ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ. ನನಗೆ ಸೀಗಡಿಯ ವಾಸನೆ ಆಗದು ಎಂದು ಅವರು ಒಲೆ ಬೇರೆ ಮಾಡಿಕೊಂಡಿದ್ದರು. ಉಪ್ಪಿನಕಾಯಿಯ ಭರಣಿ ಮಾತ್ರ ಎರಡೂ ಒಲೆಗೆ ಸೇರಿದ್ದು, ಗಣೇಶನ ಹಬ್ಬದ ಹೊತ್ತಿಗೆ ತಳ ಕಾಣುತ್ತಿತ್ತು.

ದಿನಕ್ಕೆ ಎಂಟು ವೀಕ್ಷಣೆ. ಬೆಳಗಿನ ಐದೂವರೆ, ಎಂಟೂವರೆ, ಹನ್ನೊಂದೂವರೆ, ಹೀಗೆ ಮೂರು ಮೂರು ಗಂಟೆಗೆ ಒಂದರಂತೆ ರಾತ್ರಿಯ ಎರಡೂವರೆಯವರೆಗೆ. ಗಡಿಯಾರದ ಈ ಅರ್ಧ ಗಂಟೆಯ ಹುಚ್ಚೇನು ಎಂದು ಕೇಳಬಹುದು. ಜಗತ್ತಿನ ಎಲ್ಲ ಕೇಂದ್ರಗಳೂ ಒಂದೇ ಕ್ಷಣದಲ್ಲಿ ಆಕಾಶ ನೋಡಬೇಕು ಎಂಬುದು ಒಪ್ಪಂದ. ಆ ಕ್ಷಣವನ್ನು ಗ್ರೀನಿಚ್ ಲೆಕ್ಕದಲ್ಲಿ ಇಟ್ಟಿದ್ದಾರೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಕಾರವಾರದಲ್ಲಿ ಒಬ್ಬ ಹೊರಗೆ ಬಂದಾಗ ಕೊಲಂಬೋದಲ್ಲಿ, ಕೈರೋದಲ್ಲಿ ಕೂಡ ಒಬ್ಬ ಬಾಗಿಲು ತೆರೆಯುತ್ತಾನೆ. ರಾತ್ರಿ ಎರಡೂವರೆಗೆ ಕಂಬಳಿಕೊಪ್ಪೆ ಹೊದ್ದು ಹೊರಡುವಾಗ ಈ ವಿಚಾರ ಸ್ವಲ್ಪ ಸಮಾಧಾನ ಕೊಡುತ್ತಿತ್ತು. ಕೊಡೆ ಅಲ್ಲಿ ಪ್ರಯೋಜನವಿಲ್ಲ; ಮೊದಲ ವಾರದಲ್ಲೇ ನನ್ನ ಕೊಡೆ ಉಲ್ಟಾ ಆಗಿ ಕಣಿವೆ ಪಾಲಾಯಿತು. ಊರಿನಿಂದ ಕೊಪ್ಪೆ ತರಿಸಿದೆ. ಅಂಗಳ ದಾಟುವುದು ಮೂವತ್ತು ಹೆಜ್ಜೆಯ ಕೆಲಸ, ಮರಳಿ ಬಂದ ಮೇಲೆ ಕಾಲಿನ ಉಂಬಳ ಕೀಳುವುದು ಹತ್ತು ನಿಮಿಷದ್ದು.

ಅಂಗಳದಲ್ಲಿ ಬಿಳಿ ಬಣ್ಣದ, ಜಾಲರಿ ಪಟ್ಟಿಯ ಮರದ ಪೆಟ್ಟಿಗೆ ಇರುತ್ತದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು, ಜೇನುಪೆಟ್ಟಿಗೆ ಎಂದುಕೊಂಡವರೂ ಇದ್ದಾರೆ. ಅದು ಸ್ಟೀವನ್‌ಸನ್ ಪೆಟ್ಟಿಗೆ. ರೂಪಿಸಿದವನು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್, ದೀಪಸ್ತಂಭ ಕಟ್ಟುವ ಎಂಜಿನಿಯರ್. ಬಾಗಿಲು ಉತ್ತರಕ್ಕೆ, ತೆರೆದಾಗ ಬಿಸಿಲು ಒಳಗೆ ಬೀಳಬಾರದು. ಒಳಗೆ ನಾಲ್ಕು ಉಷ್ಣಮಾಪಕ: ಒಣ ಬುಡದ್ದು, ಒದ್ದೆ ಬುಡದ್ದು, ಗರಿಷ್ಠ, ಕನಿಷ್ಠ. ಒದ್ದೆ ಬುಡಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ದಾರದ ಬತ್ತಿಯಿಂದ ನೀರು ಏರುವಂತೆ ಮಾಡಿರುತ್ತಾರೆ. ನೀರು ಆವಿಯಾದರೆ ಆ ಬುಡ ತಣಿಯುತ್ತದೆ. ಒಣ, ಒದ್ದೆ ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆ ಎಂದು ಅರ್ಥ. ಈಗ ಯೋಚಿಸಿ, ಮೋಡದೊಳಗೆ ನಿಂತವನಿಗೆ ಆವಿಯಾಗುವುದು ಎಲ್ಲಿಂದ? ಎರಡೂ ಒಂದೇ ಅಂಕೆ ತೋರಿಸುತ್ತವೆ. 17.2, 17.2. ಮತ್ತೆ 17.0, 17.0. ಜುಲೈ ತಿಂಗಳ ಪುಟಗಳು ಅಕ್ಕತಂಗಿಯರು ಒಂದೇ ಸೀರೆ ಉಟ್ಟು ಸಾಲಾಗಿ ನಿಂತ ಹಾಗಿರುತ್ತಿದ್ದವು.

ಆ ಏಕತಾನದಲ್ಲಿ ನನ್ನನ್ನು ಎಚ್ಚರವಾಗಿಟ್ಟದ್ದು ವಾಯುಭಾರ. ಕಾರವಾರದ ಮಕ್ಕಳಿಗೆ ಉಬ್ಬರ ಇಳಿತ ಹೇಳಿಕೊಡಬೇಕಾಗಿಲ್ಲ. ಗಾಳಿಗೂ ಉಬ್ಬರ ಇಳಿತ ಇದೆ ಎಂದರೆ ಬಹಳ ಜನ ನಂಬುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ಬೆಳಗಿನ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ನಸುಕಿನ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ವ್ಯತ್ಯಾಸ ಎರಡು ಮೂರು ಹೆಕ್ಟಾಪಾಸ್ಕಲ್ ಅಷ್ಟೇ. ಕಡಲಿನದಕ್ಕೆ ಮುಖ್ಯ ಕಾರಣ ಚಂದ್ರ, ಇದಕ್ಕೆ ಸೂರ್ಯ. ಅವನ ಶಾಖವನ್ನು ಹೀರುವ ಮೇಲಿನ ಓಝೋನ್, ಕೆಳಗಿನ ನೀರಾವಿ. ಹೊರಗೆ ಪ್ರಳಯದಂತೆ ಸುರಿಯುತ್ತಿದ್ದರೂ ಒಳಗೆ ಪಾದರಸ ತನ್ನ ಪಾಡಿಗೆ ದಿನಕ್ಕೆರಡು ಸಲ ಏರಿಳಿಯುತ್ತಿರುತ್ತದೆ. ಅದು ಹಾಗೆ ಮಾಡದ ದಿನ ಅರಬ್ಬೀ ಸಮುದ್ರದಲ್ಲಿ ಏನೋ ಎದ್ದಿದೆ ಎಂದು ನಮ್ಮ ಹಿರಿಯರು ರೇಡಿಯೋ ಹಚ್ಚುತ್ತಿದ್ದರು.

ನೋಡಿದ್ದನ್ನೆಲ್ಲ ಐದೈದು ಅಂಕೆಯ ಗುಂಪಾಗಿಸಿ ಕಳಿಸುವುದು ಪದ್ಧತಿ. ಫೋನಿನಲ್ಲಿ ಓದುವಾಗ ಆಚೆಯವನಿಗೆ ಗಾಳಿಯ ಗದ್ದಲದಲ್ಲಿ ಏನೂ ಕೇಳದೆ ಅರ್ಧ ಗಂಟೆ "ಏಳಾ, ಎಂಟಾ?" ಎಂದು ಕೂಗಾಡಿದ ದಿನಗಳುಂಟು. ಒಂದು ಗುಂಪನ್ನು ಹಲಗೆಯ ಮೇಲೆ ಬರೆಯುತ್ತೇನೆ: 92530. ಕೊನೆಯ ಎರಡು ಅಂಕೆ ಗಾಳಿಯ ವೇಗ, 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್. ನಡುವಿನ 25 ಎಂದರೆ ಗಾಳಿ 250 ಡಿಗ್ರಿಯಿಂದ ಬರುತ್ತಿದೆ, ಪಶ್ಚಿಮಕ್ಕೂ ನೈಋತ್ಯಕ್ಕೂ ನಡುವೆ. ಮೊದಲನೆಯ 9 ಆಕಾಶದ ಲೆಕ್ಕ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ಬರೆಯುತ್ತೇವೆ. ಸೊನ್ನೆ ಎಂದರೆ ನಿರಭ್ರ, ನಾಲ್ಕು ಎಂದರೆ ಅರ್ಧ, ಎಂಟು ಎಂದರೆ ಪೂರ್ತಿ ಮುಚ್ಚಿದೆ. ಎಂಟೇ ಪಾಲು ಇರುವಾಗ ಒಂಬತ್ತು ಎಲ್ಲಿಂದ ಬಂತು? ಮಂಜಿನಿಂದಲೋ ಇನ್ನಾವುದರಿಂದಲೋ ಆಕಾಶವೇ ಕಾಣಿಸುತ್ತಿಲ್ಲ, ಮೋಡ ಎಷ್ಟಿದೆ ಹೇಳಲಾಗದು ಎಂಬುದಕ್ಕೆ ಒಂಬತ್ತು. ಇನ್ನೂ ಒಂದು ಗುರುತಿದೆ, ಅಂಕೆಯಲ್ಲದ ಓರೆಗೆರೆ. ವೀಕ್ಷಣೆಯೇ ಆಗಿಲ್ಲ ಎಂದರೆ ಅದನ್ನು ಹಾಕುತ್ತಾರೆ. ನೋಡಿದೆ, ಕಾಣಲಿಲ್ಲ ಎಂಬುದು ಒಂಬತ್ತು. ನೋಡಲಿಲ್ಲ ಎಂಬುದು ಓರೆಗೆರೆ. ತರಬೇತಿಯಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಪುಟಕ್ಕೆ ಹೋಗಿದ್ದರು. ನನಗೆ ಅರ್ಥವಾಗಲು ಎರಡು ಮಳೆಗಾಲ ಬೇಕಾಯಿತು.

ಆ ಕಥೆಗೆ ಮೊದಲು ಬೆಟ್ಟದ ತುದಿಯಲ್ಲಿ ಹೀಗೆ ಕಾಲ ಕಳೆದ ಬೇರೆಯವರನ್ನು ನೆನೆಯಬೇಕು. ನಮ್ಮ ಸಹ್ಯಾದ್ರಿಯಲ್ಲೇ, ದಕ್ಷಿಣದ ತುದಿಯ ಅಗಸ್ತ್ಯಮಲೆಯ ಮೇಲೆ, 1855ರ ಸುಮಾರಿಗೆ ಒಂದು ವೀಕ್ಷಣಾಲಯ ಎದ್ದಿತ್ತು. ತಿರುವಾಂಕೂರು ಮಹಾರಾಜರ ಆಸರೆಯಲ್ಲಿ ಅದನ್ನು ಕಟ್ಟಿದವನು ಜಾನ್ ಅಲನ್ ಬ್ರೌನ್. ತಿರುವನಂತಪುರದ ವೀಕ್ಷಣಾಲಯ ಕೆಳಗೆ, ಆರು ಸಾವಿರ ಅಡಿಗೂ ಹೆಚ್ಚು ಎತ್ತರದ ಕಾಡಿನಲ್ಲಿ ಇನ್ನೊಂದು ಮೇಲೆ. ಆನೆಗಳಿರುವ ಕಾಡಿನಲ್ಲಿ ಗಾಜಿನ ನಳಿಗೆಗಳನ್ನು ಒಡೆಯದಂತೆ ಹೊತ್ತುಕೊಂಡು ಹೋದ ಆಳುಗಳ ಹೆಸರು ಯಾವ ವರದಿಯಲ್ಲಿ ದೊಡ್ಡದಾಗಿ ಅಚ್ಚಾದೀತು?

ಮೇಲೊಂದು ಕೆಳಗೊಂದು ಎಂಬುದರಲ್ಲೇ ಈ ವಿದ್ಯೆಯ ಜೀವವಿದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟ ಬ್ರಿಟನ್ನಿನಲ್ಲೇ ಎತ್ತರದ್ದು. ಎತ್ತರ ಎಂದರೆ 1,345 ಮೀಟರ್; 1,894 ಮೀಟರಿನ ನಮ್ಮ ಕುದುರೆಮುಖದ ಪಕ್ಕ ನಿಲ್ಲಿಸಿದರೆ ಭುಜಕ್ಕೂ ಬಾರದು. ಆದರೆ ಚಳಿ ಮತ್ತು ಬಿರುಗಾಳಿಯಲ್ಲಿ ಅದು ನಮ್ಮ ಬೆಟ್ಟಗಳಿಗೆಲ್ಲ ಅಜ್ಜ. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರಾಗ್ ಎಂಬಾತ ಪ್ರತಿದಿನ ನಸುಕಿನಲ್ಲಿ ಹೊರಟು ತುದಿ ಹತ್ತಿ, ಅಳತೆ ಬರೆದುಕೊಂಡು ಇಳಿಯುತ್ತಿದ್ದ. ಪ್ರತಿದಿನ ಎಂದರೆ ಪ್ರತಿದಿನ, ಜೂನ್‌ನಿಂದ ಅಕ್ಟೋಬರ್‌ವರೆಗೆ. ಅವನಿಗೆ ಚಿನ್ನದ ಪದಕ ಕೊಟ್ಟರು. ಆದರೆ ಅವನು ತುದಿಯಲ್ಲಿ ಉಷ್ಣಮಾಪಕ ನೋಡುವ ಹೊತ್ತಿಗೇ ಕೆಳಗೆ ಫೋರ್ಟ್ ವಿಲಿಯಂನಲ್ಲಿ, ಕಡಲ ಮಟ್ಟದಲ್ಲಿ, ಅವನ ಹೆಂಡತಿಯೂ ನೋಡಿ ಬರೆಯುತ್ತಿದ್ದಳು. ಅವಳ ಅಂಕೆ ಇಲ್ಲದಿದ್ದರೆ ಅವನ ಅಂಕೆಗೆ ಅರ್ಧ ಬೆಲೆಯೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಗಾಳಿ ಮೇಲೇರಿದಂತೆ ಹೇಗೆ ಬದಲಾಗುತ್ತದೆ ಎಂದು ತಿಳಿಯುವುದು. ಪದಕ ಬೆಟ್ಟ ಹತ್ತಿದವನ ಕೊರಳಿಗೆ ಬಿತ್ತು. ನಮ್ಮಲ್ಲೂ ಬೇರೆ ಥರ ನಡೆಯುತ್ತಿರಲಿಲ್ಲ ಬಿಡಿ. 1883ರಲ್ಲಿ ತುದಿಯಲ್ಲಿ ಕಾಯಂ ವೀಕ್ಷಣಾಲಯ ಆಯಿತು. ರಾಗ್ ಮುಖ್ಯಸ್ಥನ ಹುದ್ದೆಗೆ ಅರ್ಜಿ ಹಾಕಿದ, ಸಿಗಲಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗಿ ಚಂಡಮಾರುತಗಳಿಗೆ ಹೆಸರಿಡಲು ಶುರು ಮಾಡಿದ, ತನಗಾಗದ ರಾಜಕಾರಣಿಗಳ ಹೆಸರನ್ನೂ ಸೇರಿಸಿ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಬಡಿದ ಚಂಡಮಾರುತವನ್ನು ನಾವು ತೌಕ್ತೆ ಎಂದು ಕರೆದೆವಲ್ಲ, ಆ ರೂಢಿಯ ಮೂಲಪುರುಷರಲ್ಲಿ ಇವನೂ ಒಬ್ಬ.

ಬೆನ್ ನೆವಿಸ್‌ನಲ್ಲಿ 1904ರವರೆಗೆ ಗಂಟೆಗೊಮ್ಮೆ, ಹಗಲು ರಾತ್ರಿ, ವೀಕ್ಷಣೆ ನಡೆಯಿತು. ಚಳಿಗಾಲದಲ್ಲಿ ಹಿಮ ಬಾಗಿಲನ್ನು ಹೂತುಬಿಡುತ್ತಿದ್ದರಿಂದ ಒಂದು ಗೋಪುರ ಕಟ್ಟಿ ಅದರ ಮೇಲಿನಿಂದ ಹೊರಗೆ ಬರುತ್ತಿದ್ದರು. 1894ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ತರುಣ ಎರಡು ವಾರ ಅಲ್ಲಿದ್ದ. ಬೆನ್ನ ಹಿಂದೆ ಬಿಸಿಲು, ಮುಂದೆ ಮೋಡ, ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಬಣ್ಣದ ಬಳೆ. ಆ ನೋಟಕ್ಕೆ ಮರುಳಾಗಿ, ಪ್ರಯೋಗಶಾಲೆಯಲ್ಲೇ ಮೋಡ ಮಾಡುತ್ತೇನೆ ಎಂದು ಹೊರಟವನು ಕೊನೆಗೆ ಕಣ್ಣಿಗೆ ಕಾಣದ ಕಣಗಳ ಜಾಡನ್ನು ತೋರಿಸುವ ಮೋಡಕೋಶ ಮಾಡಿ 1927ರಲ್ಲಿ ನೊಬೆಲ್ ಪಡೆದ. ಆ ಬಳೆಯನ್ನು ಮರಾಠಿಯಲ್ಲಿ ಇಂದ್ರವಜ್ರ ಎನ್ನುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಎರಡು ಸಲ ಕಂಡೆ. ಅಂಕೋಲೆಯ ಹಿರಿಯರು ಪಕ್ಕದಲ್ಲೇ ನಿಂತಿದ್ದರು. "ನನ್ನ ತಲೆಯ ಸುತ್ತ ಇದೆ, ನಿನ್ನದಕ್ಕೆ ಇಲ್ಲವಲ್ಲೋ" ಎಂದರು. ನನಗೆ ಕಂಡದ್ದು ನನ್ನ ತಲೆಯ ಸುತ್ತ ಮಾತ್ರ. ಬೆಳಕು ಹನಿಗೆ ತಾಗಿ ಬಂದ ದಾರಿಯಲ್ಲೇ ಮರಳುವುದರಿಂದ ಪ್ರತಿಯೊಬ್ಬನಿಗೂ ತನ್ನ ತಲೆಯೇ ದೇವರ ತಲೆಯ ಹಾಗೆ ಕಾಣುತ್ತದೆ.

ಜಪಾನಿನ ಫ್ಯೂಜಿ ಇನ್ನೊಂದು ಥರ. 3,776 ಮೀಟರ್. 1895ರಲ್ಲಿ ನೊನಾಕಾ ಇತಾರು ಎಂಬಾತ ತನ್ನದೇ ಹಣದಲ್ಲಿ ತುದಿಯಲ್ಲಿ ಗುಡಿಸಲು ಕಟ್ಟಿ ಚಳಿಗಾಲ ಕಳೆಯಲು ಹತ್ತಿದ. ಎರಡು ಗಂಟೆಗೊಮ್ಮೆ ವೀಕ್ಷಣೆ ಎಂದು ವ್ರತ. ಒಬ್ಬನಿಂದ ಆಗದು ಎಂದು ತಿಳಿದ ಹೆಂಡತಿ ಚಿಯೊಕೊ ಹೇಳದೆ ಕೇಳದೆ ಹಿಂದೆಯೇ ಹತ್ತಿ ಬಂದಳು. ಇಬ್ಬರೂ ಹಾಸಿಗೆ ಹಿಡಿದರು, ಡಿಸೆಂಬರ್‌ನಲ್ಲಿ ಜನ ಹೋಗಿ ಇಳಿಸಿ ತಂದರು. 1932ರಲ್ಲಿ ಸರ್ಕಾರ ಅಲ್ಲಿ ವರ್ಷವಿಡೀ ನಡೆಯುವ ಕೇಂದ್ರ ಮಾಡಿತು, 2004ರಿಂದ ಯಂತ್ರಗಳಷ್ಟೇ ಇವೆ. ಅಮೆರಿಕದ ಮೌಂಟ್ ವಾಷಿಂಗ್ಟನ್‌ನಲ್ಲಿ ಮಾತ್ರ ಇವತ್ತಿಗೂ ಮನುಷ್ಯರು ಗಂಟೆಗೊಮ್ಮೆ ಹೊರಗೆ ಬರುತ್ತಾರೆ, ಹಾರೆಯಿಂದ ಬಡಿದು ಉಪಕರಣದ ಮೇಲಿನ ಮಂಜುಗಡ್ಡೆ ಉದುರಿಸುತ್ತಾರೆ. ಎತ್ತರ 1,917 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಚೂರು ಕಡಿಮೆ. 1934ರ ಏಪ್ರಿಲ್ 12ರಂದು ಅಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದರು. ಆ ದಾಖಲೆಯನ್ನು 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಯಂತ್ರವೊಂದು ಮುರಿಯಿತು. ಆದರೆ 1934ರಲ್ಲಿ ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕಿದವರು ಮನುಷ್ಯರು. ಅಲ್ಲಿ ಬೆಕ್ಕು ಸಾಕುವ ಸಂಪ್ರದಾಯವೂ ಇದೆ. ನಮ್ಮಲ್ಲಿ ಬೆಕ್ಕು ಇರಲಿಲ್ಲ. ಮಳೆಗಾಲದಲ್ಲಿ ಒಳಗೆ ಬಂದ ಕಪ್ಪೆಗಳಿಗೆ ಹಾಜರಿ ಪುಸ್ತಕ ಇಡುವಷ್ಟು ಸಂಖ್ಯೆಯಿತ್ತು.

ಈಗ ನನ್ನ ಒಂಬತ್ತರ ಕಥೆ. ಎರಡನೆಯ ವರ್ಷದ ಆಗಸ್ಟ್. ಮೋಡ ಕವಿದು ಹತ್ತು ದಿನವಾಗಿತ್ತು. ಹತ್ತು ದಿನವೂ, ಎಂಟೂ ವೀಕ್ಷಣೆಯಲ್ಲೂ, ಮೊದಲ ಅಂಕೆ 9. ಕೇಂದ್ರಕ್ಕೆ ಗೋಚರತೆಯ ಗುರುತುಗಳ ಪಟ್ಟಿ ಇರುತ್ತದೆ: ಇಷ್ಟು ದೂರದಲ್ಲಿ ದೇವಸ್ಥಾನದ ಶಿಖರ, ಇಷ್ಟು ದೂರದಲ್ಲಿ ನೀರಿನ ಟ್ಯಾಂಕ್. ಆ ದಿನಗಳಲ್ಲಿ ನಮ್ಮ ಪಟ್ಟಿ ಕುಗ್ಗಿ ಕುಗ್ಗಿ ಬೇಲಿಯ ಮೂರನೇ ಕಂಬಕ್ಕೆ ಬಂದು ನಿಂತಿತ್ತು. ಅದು ಕಂಡರೆ ಇವತ್ತು ಚೆನ್ನಾಗಿದೆ ಎನ್ನುತ್ತಿದ್ದೆವು. ಹನ್ನೊಂದನೇ ರಾತ್ರಿ ನನ್ನ ಪಾಳಿ. ಸ್ವಲ್ಪ ಜ್ವರ. ಎರಡೂವರೆಗೆ ಅಲಾರಾಂ ಹೊಡೆಯಿತು. ಕೊಪ್ಪೆ ಇನ್ನೂ ಹನಿಯುತ್ತ ತೂಗಾಡುತ್ತಿತ್ತು. ಹಿಂದಿನ ಸಾಲು ನೋಡಿದೆ: 16.4, 16.4, ಆಕಾಶ 9. ಹೊರಗೆ ಹೋದರೂ ಇದೇ ತಾನೆ? ಕುಳಿತಲ್ಲೇ 16.4, 16.4, 9 ಎಂದು ಬರೆದೆ. ನಿಜ ಕಾಣಲಿ ಎಂದು ಒದ್ದೆ ಬುಡದ್ದನ್ನು 16.3 ಮಾಡಿದೆ. ಆ ಒಂದು ದಶಾಂಶದ ನಾಚಿಕೆ ಈಗಲೂ ಇದೆ. ಬರಿ ಸೋಮಾರಿತನವಾಗಿದ್ದರೆ 16.4 ಎಂದೇ ಬಿಡುತ್ತಿದ್ದೆ.

ಬೆಳಿಗ್ಗೆ ಹಿರಿಯರು ಡ್ರಮ್‌ನ ಕಾಗದ ಬದಲಿಸುತ್ತಿದ್ದರು. ಪೆಟ್ಟಿಗೆಯ ಪಕ್ಕದಲ್ಲಿ ತೇವಾಂಶವನ್ನು ತಾನೇ ಬರೆಯುವ ಒಂದು ಯಂತ್ರವಿರುತ್ತದೆ. ಅದರೊಳಗೆ ಇರುವುದು ಮನುಷ್ಯರ ತಲೆಗೂದಲಿನ ಕಟ್ಟು. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡ, ಆ ಎಳೆತಕ್ಕೆ ಪೆನ್ನು ಏರಿಳಿಯುತ್ತದೆ. ಹತ್ತು ದಿನದಿಂದ ಪೆನ್ನು ನೂರರ ಗೆರೆಗೆ ಅಂಟಿಕೊಂಡಿತ್ತು. ಅವರು ಕಾಗದವನ್ನು ಮೇಜಿನ ಮೇಲೆ ಹರಡಿ, ಉಗುರಿನಿಂದ ಒಂದು ಕಡೆ ತೋರಿಸಿದರು. ಎರಡರ ಸುಮಾರಿಗೆ ಗೆರೆ ಕೆಳಗಿಳಿದು, ಮೂರೂಕಾಲಕ್ಕೆ ಮತ್ತೆ ಮೇಲೆ ಹೋಗಿತ್ತು. ಬಾವಿಯಂಥ ಒಂದು ಪುಟ್ಟ ಗುಳಿ.

"ತಮ್ಮಾ, ಎರಡೂಮುಕ್ಕಾಲಿಗೆ ನಾನು ಹೊರಗೆ ಎದ್ದು ಬಂದಿದ್ದೆ. ಕೃತ್ತಿಕೆ ಕಾಣುತ್ತಿತ್ತು. ಕೆಳಗೆ ಕೊಂಕಣದ ದೀಪಗಳೂ ಕಾಣುತ್ತಿದ್ದವು. ನೀನು ನೋಡಲಿಲ್ಲವೋ?"

ನಾನು ಏನೂ ಹೇಳಲಿಲ್ಲ. ಅವರು ಗದರಲಿಲ್ಲ, ವರದಿ ಮಾಡುತ್ತೇನೆ ಎಂದೂ ಹೆದರಿಸಲಿಲ್ಲ. ಪುಸ್ತಕ ನನ್ನ ಮುಂದೆ ಸರಿಸಿದರು. ನಮ್ಮಲ್ಲಿ ರಬ್ಬರ್ ಇಲ್ಲ. ತಪ್ಪಾದ ಅಂಕೆಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವಂತೆಯೇ ಇರಬೇಕು. ಸರಿಯಾದದ್ದನ್ನು ಮೇಲೆ ಬರೆದು ಸಣ್ಣ ಸಹಿ ಹಾಕಬೇಕು. 9ರ ಮೇಲೆ ಗೆರೆ ಎಳೆದೆ. ಮೇಲೆ ಏನು ಬರೆಯುವುದು ಎಂದು ಅವರ ಮುಖ ನೋಡಿದೆ. ನಕ್ಷತ್ರ ಕಂಡವರು ಅವರೇ, 1 ಅಥವಾ 2 ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ನಾನು ಕಂಡದ್ದು ಎರಡೂಮುಕ್ಕಾಲಿಗೆ. ಎರಡೂವರೆಗೆ ಯಾರೂ ನೋಡಿಲ್ಲ" ಎಂದರು. ಓರೆಗೆರೆ ಹಾಕಿದೆ. 16.4ಕ್ಕೂ 16.3ಕ್ಕೂ ಅದೇ ಗತಿ. ಕಳಿಸಿಯಾಗಿದ್ದ ಸಂದೇಶಕ್ಕೆ ಅವರೇ ಫೋನಿನಲ್ಲಿ ತಿದ್ದುಪಡಿ ಓದಿದರು. ಆಮೇಲೆ ಆ ಮೋಡ ಇನ್ನೂ ಆರು ದಿನ ಹೋಗಲಿಲ್ಲ. ಹದಿನೇಳು ದಿನದಲ್ಲಿ ಆಕಾಶ ತೆರೆದದ್ದು ಅದೊಂದೇ ಹೊತ್ತು, ಅದೂ ನನ್ನ ಪಾಳಿಯಲ್ಲಿ.

ಇದನ್ನೆಲ್ಲ ಅಡಿಕೆ ಬೆಳೆಗಾರರ ಎದುರು ಏಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಮಳೆ ಬರೆದ ಪುಸ್ತಕಗಳಿವೆ. ಅಜ್ಜ ಇಂಚಿನಲ್ಲಿ ಬರೆದದ್ದು, ಅಪ್ಪ ಪಂಚಾಂಗದ ಅಂಚಿನಲ್ಲಿ ಬರೆದದ್ದು, ಆರಿದ್ರಾ ಪುಷ್ಯ ಎಂದು ನಕ್ಷತ್ರದ ಲೆಕ್ಕದಲ್ಲಿ ಕೂಡಿಸಿಟ್ಟದ್ದು. ಕೆಲವನ್ನು ನೋಡಿದ್ದೇನೆ, ಚಿನ್ನದಂಥವು. ಆದರೆ ಹೆಚ್ಚಿನವುಗಳಲ್ಲಿ ಒಂದು ತೊಡಕಿದೆ: ಮಳೆ ಬಂದ ದಿನ ಅಂಕೆ ಇದೆ, ಬಾರದ ದಿನ ಖಾಲಿ; ಮದುವೆಗೆ ಹೋದ ದಿನವೂ ಖಾಲಿ. ಐವತ್ತು ವರ್ಷದ ನಂತರ ಓದುವವನಿಗೆ ಯಾವುದು ಬರ, ಯಾವುದು ಮದುವೆ ಎಂದು ಗೊತ್ತಾಗುವುದು ಹೇಗೆ? ಮಳೆ ಬಾರದಿದ್ದರೆ ಸೊನ್ನೆ ಬರೆಯಿರಿ. ನಾಲ್ಕು ಹನಿ ಬಿದ್ದು ಅಳತೆಗೆ ಸಿಗದಿದ್ದರೆ ಅದಕ್ಕೂ ಗುರುತು ಇದೆ, ನಾವು ಟ್ರೇಸ್ ಎನ್ನುತ್ತೇವೆ, ನೀವು 'ಹನಿ' ಎಂದು ಬರೆದರೂ ಸಾಕು. ನೋಡದಿದ್ದರೆ ಓರೆಗೆರೆ.

ಮಾಪಕ ಎಲ್ಲಿಡಬೇಕು ಎಂದು ಕೇಳುತ್ತೀರಿ. ಮನೆಯ ಸೂರಿನ ಹತ್ತಿರ ಬೇಡ, ತೋಟದೊಳಗಂತೂ ಬೇಡವೇ ಬೇಡ. ಸುತ್ತಲಿನ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ. ಅಡಿಕೆ ಮರ ಐವತ್ತು ಅಡಿ ಇದ್ದರೆ ಮಾಪಕ ನೂರಡಿ ಆಚೆ. ಇಲಾಖೆಯ ಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಅದಕ್ಕೆ 20 ಮಿಲಿಲೀಟರ್ ನೀರು ಎಂದರೆ ಒಂದು ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ, ಎಕರೆಗೆ ನಾಲ್ಕು ಸಾವಿರ ಲೀಟರ್. ನೂರು ಮಿಲಿಮೀಟರ್ ಬಿದ್ದ ದಿನ ನಿಮ್ಮ ಒಂದು ಎಕರೆ ತೋಟದ ಮೇಲೆ ನಾಲ್ಕು ಲಕ್ಷ ಲೀಟರ್ ಸುರಿದಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅಳೆದದ್ದನ್ನು ಅಂದಿನ ದಿನಾಂಕಕ್ಕೇ ಬರೆಯುವುದು ರೂಢಿ, ಸುರಿದದ್ದು ನಿನ್ನೆಯಾದರೂ. ಪತ್ರಿಕೆಯ ಅಂಕೆಗೂ ನಿಮ್ಮ ನೆನಪಿಗೂ ಒಂದು ದಿನದ ಜಗಳ ಬರುವುದು ಇದರಿಂದಲೇ.

ಈಗ ಯಂತ್ರಗಳಿವೆಯಲ್ಲ, ನಾವೇಕೆ ಎನ್ನುವವರಿಗೆ ಒಂದು ಮಾತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಮಳೆ ಗೊತ್ತಾಗುತ್ತದೆ. ನಮ್ಮ ಕಾಲದಲ್ಲಿ ಕನಸಿನಲ್ಲೂ ಕಾಣದ ಸಂಗತಿ ಇದು, ನಮ್ಮಂಥ ಜಿಲ್ಲೆಗೆ ಬೇಕೇ ಬೇಕು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಶಿರಸಿಯಲ್ಲಿ ಎರಡೂವರೆ ಸಾವಿರದ ಆಸುಪಾಸು, ಮುಂಡಗೋಡಿಗೆ ಹೋದರೆ ಸಾವಿರದ ಇನ್ನೂರರ ಸುಮಾರು. ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಳೆ ಅರ್ಧವಾಗುತ್ತದೆ. ಘಟ್ಟದ ನೆತ್ತಿಯಲ್ಲಿ ಬೀಳುವುದು ಇವೆಲ್ಲಕ್ಕಿಂತ ಹೆಚ್ಚು. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದ ಝರಿವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಎಲ್ಲರೂ ಕೇಳಿದ್ದು ಮಳೆ ಎಷ್ಟಾಗಿತ್ತು ಎಂದು. ಪೇಟೆಯಲ್ಲಿ ಅಳೆದ ಮಳೆ ಗುಡ್ಡದ ತಲೆಯ ಮೇಲೆ ಬಿದ್ದ ಮಳೆಯಲ್ಲ.

ಯಂತ್ರದ ಒಳಗೆ ಏನಿದೆ ನೋಡಿ. ಹಲವು ಮಾಪಕಗಳಲ್ಲಿ ತೊಟ್ಟಿಲಿನಂತೆ ಓಲಾಡುವ ಎರಡು ಪುಟ್ಟ ಬೋಗುಣಿ ಇರುತ್ತವೆ. ಒಂದು ತುಂಬಿ ವಾಲಿದಾಗ ಇನ್ನೊಂದು ಮೇಲೆ ಬರುತ್ತದೆ, ವಾಲಿದ್ದನ್ನು ಯಂತ್ರ ಎಣಿಸುತ್ತದೆ. ಮೇಲಿನ ಆಲಿಕೆಯಲ್ಲಿ ಒಂದು ಮಾವಿನ ಎಲೆ ಕುಳಿತರೆ, ಜೇಡ ಬಲೆ ಕಟ್ಟಿದರೆ, ನೀರು ಇಳಿಯುವುದಿಲ್ಲ. ಬೋಗುಣಿ ಅಲ್ಲಾಡುವುದಿಲ್ಲ. ಯಂತ್ರ ಸೊನ್ನೆ ಎಂದು ಹೇಳುತ್ತದೆ. ಅದು ಸುಳ್ಳು ಹೇಳುತ್ತಿಲ್ಲ ಪಾಪ, ನೋಡಿದೆನೋ ಇಲ್ಲವೋ ಎಂಬುದೇ ಅದಕ್ಕೆ ಗೊತ್ತಿಲ್ಲ. ಶಿಕ್ಷಕರು ಇಲ್ಲಿದ್ದೀರಿ. ಶಾಲೆಯ ಹತ್ತಿರ ಅಂಥ ಮಾಪಕ ಇದ್ದರೆ ಸುಮ್ಮನೆ ಕೈಹಚ್ಚಬೇಡಿ, ಪಕ್ಕದಲ್ಲಿ ಮಕ್ಕಳ ಕೈಯಿಂದ ಒಂದು ಸಾದಾ ಮಾಪಕ ಇಡಿಸಿ. ಹೊರಗೆ ಧೋ ಎಂದು ಸುರಿಯುವಾಗ ಫೋನಿನಲ್ಲಿ ಸೊನ್ನೆ ಬಂದರೆ, ಸಂಬಂಧಪಟ್ಟವರಿಗೆ ತಿಳಿಸಲು ನಿಮ್ಮ ಕೈಯಲ್ಲಿ ಒಂದು ಅಂಕೆ ಇರುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಇವತ್ತು ನಿಮ್ಮ ಮನೆಯಲ್ಲಿ ಎಷ್ಟು ಮಳೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನೂ ನನ್ನ ಹೆಂಡತಿಯೂ ನಿನ್ನೆ ಸಂಜೆಯೇ ಶಿರಸಿಗೆ ಬಂದು ಮಗಳ ಮನೆಯಲ್ಲಿ ಉಳಿದೆವು. ಇವತ್ತಿನ ಸಾಲಿಗೆ ಓರೆಗೆರೆ. ನಾಳೆ ಬೆಳಿಗ್ಗೆ ಮಾಪಕದಲ್ಲಿ ಇರುವುದು ಎರಡು ದಿನದ ನೀರು, ಹಾಗೆಂದೇ ಬರೆಯಬೇಕು. ಒಳಗಿನ ಬಾಟಲಿ ನಾಲ್ಕು ಲೀಟರಿನದು, 200 ಮಿಲಿಮೀಟರಿಗೆ ಭರ್ತಿ. ನಿನ್ನೆ ಸಂಜೆಯಿಂದ ಘಟ್ಟದ ಕಡೆ ಒಂದೇ ಸಮನೆ ಕಪ್ಪಗಿದೆ. ಮಧ್ಯಾಹ್ನದ ಕುಮಟಾ ಬಸ್ಸಿಗೆ ಹೊರಟರೆ ಅದು ತುಂಬಿ ಚೆಲ್ಲುವ ಮೊದಲು ತಲುಪಿದರೂ ತಲುಪಿಯೇನು ಎಂದು, ಊಟಕ್ಕೆ ನಿಲ್ಲದೆ ಕೊಡೆ ಹುಡುಕಿಕೊಂಡೆ.